ಅರ್ಧ ಗಂಟೆಯ ಕಥೆಯಿಂದ ಊರನ್ನು ತೆಗೆದರೆ ಉಳಿಯುವುದೇನು? ರಾಡ್ ಸರ್ಲಿಂಗ್ ಸಂದರ್ಶನ ನೋಡಿದ ಮೇಲೆ ಹುಟ್ಟಿದ ಪ್ರಶ್ನೆ

ಪ್ರಶ್ನೆ
ಬರೆದವರು: ಹೊಳೆಬದಿ (ಬದಿಯಡ್ಕ)

ಎಲ್ಲರಿಗೂ ನಮಸ್ಕಾರ.

ಕೇರಳಕ್ಕೆ ಸೇರಿದ ಕಾಸರಗೋಡಿನ ಬದಿಯಡ್ಕದ ಕಡೆಯವನು ನಾನು. ಆರು ವರ್ಷಗಳಿಂದ ಬೆಂಗಳೂರಿನ ಧಾರಾವಾಹಿಗಳಿಗೆ ಊರಿನಲ್ಲಿ ಕುಳಿತೇ ಸಂಭಾಷಣೆ ಬರೆಯುತ್ತಿದ್ದೇನೆ. ರಾತ್ರಿ ಹತ್ತರ ಹೊತ್ತಿಗೆ ವಾಟ್ಸಾಪ್‌ನಲ್ಲಿ ಸೀನ್ ಆರ್ಡರ್ ಬರುತ್ತದೆ. ಬೆಳಗ್ಗೆ ಶೂಟಿಂಗ್ ಆರಂಭವಾಗುವುದರೊಳಗೆ ಸಂಭಾಷಣೆ ತಲುಪಬೇಕು. ಕಥೆ ನನ್ನದಲ್ಲ, ಚಿತ್ರಕಥೆ ನನ್ನದಲ್ಲ, ಗುರುವಾರ ಟಿಆರ್‌ಪಿ ಬಂದ ಮೇಲೆ ಸತ್ತವರು ಎದ್ದು ಬಂದರೂ ಅದಕ್ಕೆ ಹೊಣೆ ನಾನಲ್ಲ. ಹಣ ಸರಿಯಾಗಿ ಕೈಸೇರುತ್ತದೆ ಎಂಬುದನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಇದು ಬರೀ ಗೋಳಾಗಿ ಕೇಳಿಸೀತು.

ಕಳೆದ ವರ್ಷ ಒಂದು ವಾಹಿನಿಯವರು ಬಿಡಿಕಥೆಗಳ ಮಾಲಿಕೆ ಮಾಡಲು ಹೊರಟಿದ್ದಾರೆ, ಪ್ರತಿ ಕಂತಿಗೂ ಬೇರೆ ಕಥೆ, ಬೇರೆ ಪಾತ್ರಗಳು, ಅರ್ಧ ಗಂಟೆಯಲ್ಲಿ ಶುರುವಾಗಿ ಅಲ್ಲೇ ಮುಗಿಯಬೇಕು ಎಂದು ಪರಿಚಯದವರೊಬ್ಬರು ತಿಳಿಸಿದಾಗ, ಎಷ್ಟೋ ದಿನಗಳಿಂದ ಮನಸ್ಸಿನಲ್ಲಿದ್ದುದನ್ನು ಮೂರು ರಾತ್ರಿ ಕುಳಿತು ಬರೆದು ಕಳುಹಿಸಿದೆ. 2020ರ ಲಾಕ್‌ಡೌನ್ ಕಾಲದಲ್ಲಿ ಕರ್ನಾಟಕದ ಕಡೆಯಿಂದ ಕೇರಳ ಗಡಿಯ ದಾರಿಗಳಿಗೆ ಮಣ್ಣು ಸುರಿದು ಮುಚ್ಚಿದ್ದು ಇಲ್ಲಿರುವ ಹೆಚ್ಚಿನವರಿಗೆ ನೆನಪಿರಬಹುದು. ನನ್ನ ಕಥೆಯಲ್ಲಿ ಈಚೆ ಬದಿಯಲ್ಲಿ ತಾಯಿ, ಆಚೆ ಬದಿಗೆ ಮದುವೆಯಾಗಿ ಹೋದ ಮಗಳು. ಎರಡು ಮನೆಗಳ ನಡುವೆ ನಡೆದರೆ ಇಪ್ಪತ್ತು ನಿಮಿಷದ ದಾರಿ. ಎದೆಮಟ್ಟದ ಮಣ್ಣಿನ ರಾಶಿಯ ಎರಡು ಕಡೆ ನಿಂತು ಅವರು ಮಾತಾಡುತ್ತಾರೆ. ತಾಯಿ ಹಲಸಿನ ಹಪ್ಪಳದ ಡಬ್ಬಿಯನ್ನು ರಾಶಿಯ ನೆತ್ತಿಯ ಮೇಲಿಟ್ಟು ಹಿಂದೆ ಸರಿಯುತ್ತಾಳೆ, ಕಾವಲಿನ ಪೊಲೀಸ್ ಕಂಡೂ ಕಾಣದವನಂತೆ ಮುಖ ತಿರುಗಿಸುತ್ತಾನೆ, ಮಗಳು ಬಂದು ತೆಗೆದುಕೊಳ್ಳುತ್ತಾಳೆ. ಕಥೆ ಇಷ್ಟೇ.

ವಾಹಿನಿಯವರಿಗೆ ಮೆಚ್ಚುಗೆಯಾಯಿತು. ಮೊದಲ ಸುತ್ತಿನ ತಿದ್ದುಪಡಿಯಲ್ಲಿ ಊರಿನ ಹೆಸರು ಹೋಯಿತು. ಎರಡನೆಯ ಸುತ್ತಿನಲ್ಲಿ ತಾಯಿಯ ಬಾಯಿಯ "ಎಂತ ಮಾಡುದು ಇನ್ನು" ಎಂಬುದು ಎಲ್ಲ ಜಿಲ್ಲೆಗಳಿಗೂ ಒಗ್ಗುವ ಕನ್ನಡವಾಯಿತು. ಮೂರನೆಯ ಸುತ್ತಿನಲ್ಲಿ ಮಣ್ಣಿನ ರಾಶಿಯೇ ಮಾಯವಾಗಿ ಅಲ್ಲಿ ನೆರೆ ಬಂದ ಹೊಳೆ ಹರಿಯಿತು. ಮಣ್ಣಾದರೆ ಸುರಿದವರು ಯಾರೆಂಬ ಪ್ರಶ್ನೆ ಏಳುತ್ತದೆ, ಹೊಳೆಗೆ ಯಾರೂ ಹೊಣೆಯಲ್ಲವಷ್ಟೆ. ಹಪ್ಪಳದ ಡಬ್ಬಿಯನ್ನು ಮಾತ್ರ ಉಳಿಸಿಕೊಂಡರು. ನೆರೆಯಲ್ಲಿ ಡಬ್ಬಿ ದಾಟುವುದು ಹೇಗೆ ಎಂದು ನಾನು ಕೇಳಿದ್ದಕ್ಕೆ, ಡ್ರೋನ್ ತೋರಿಸಬಹುದೇ ಎಂದು ಅವರು ಗಂಭೀರವಾಗಿಯೇ ವಿಚಾರಿಸಿದರು.

ಹಾಗಿರುವಾಗ ಅಮೆರಿಕದ ಟೆಲಿವಿಷನ್ ಬರಹಗಾರ ರಾಡ್ ಸರ್ಲಿಂಗ್ ಅವರ ಹಳೆಯ ಸಂದರ್ಶನವೊಂದನ್ನು ನೋಡಿದೆ. ಪತ್ರಕರ್ತ ಮೈಕ್ ವಾಲೇಸ್ ಅದನ್ನು ನಡೆಸಿದ್ದು 1959ರ ಸೆಪ್ಟೆಂಬರ್ 22ರಂದು, ಅಂದರೆ ಸರ್ಲಿಂಗ್ ಅವರ 'ದಿ ಟ್ವಿಲೈಟ್ ಝೋನ್' ಎಂಬ ಬಿಡಿಕಥೆಗಳ ಮಾಲಿಕೆ ಸಿಬಿಎಸ್ ವಾಹಿನಿಯಲ್ಲಿ ಆರಂಭವಾಗುವುದಕ್ಕೆ ಹತ್ತು ದಿನ ಮೊದಲು. ಅದಕ್ಕೂ ಹಿಂದೆ, 1955ರಲ್ಲಿ ಅಮೆರಿಕದ ದಕ್ಷಿಣದ ಮಿಸಿಸಿಪ್ಪಿಯಲ್ಲಿ ಎಮ್ಮೆಟ್ ಟಿಲ್ ಎಂಬ ಹದಿನಾಲ್ಕು ವರ್ಷದ ಕರಿಯ ಹುಡುಗನನ್ನು ಕೊಂದವರು ನ್ಯಾಯಾಲಯದಿಂದ ಬಿಡುಗಡೆಯಾದದ್ದನ್ನು ಕಂಡು ಅವರು ಒಂದು ನಾಟಕ ಬರೆದಿದ್ದರು. ಅದು 1956ರ ಏಪ್ರಿಲ್‌ನಲ್ಲಿ 'ನೂನ್ ಆನ್ ಡೂಮ್ಸ್‌ಡೇ' ಎಂಬ ಹೆಸರಿನಲ್ಲಿ ಪ್ರಸಾರವಾಗುವ ಹೊತ್ತಿಗೆ ಕಥೆ ದಕ್ಷಿಣದಿಂದ ಉತ್ತರದ ನ್ಯೂ ಇಂಗ್ಲೆಂಡಿಗೆ ಸ್ಥಳಾಂತರವಾಗಿತ್ತು, ಸತ್ತವನು ಹೆಸರಿಲ್ಲದ ಪರದೇಶಿಯಾಗಿದ್ದ, ದಕ್ಷಿಣದ ನೆನಪು ತರಬಹುದೆಂದು ಕೋಕಾ ಕೋಲಾ ಬಾಟಲಿಯನ್ನೂ ಪ್ರಾಯೋಜಕರ ಕಡೆಯವರು ದೃಶ್ಯದಿಂದ ತೆಗೆಸಿದ್ದರು. ಬಾಟಲಿಯ ವಿಷಯ ಕೇಳಿದಾಗ ನನಗೆ ನನ್ನ ಮಣ್ಣಿನ ರಾಶಿ ಕಣ್ಣೆದುರು ಬಂತು.

ಇಷ್ಟೆಲ್ಲ ಪೆಟ್ಟು ತಿಂದವರು, ಸಂದರ್ಶನದಲ್ಲಿ ವಾಲೇಸ್ ಕೆಣಕಿದಾಗ, ಸದ್ಯದ ಸಾಮಾಜಿಕ ಸಮಸ್ಯೆಗಳನ್ನು ಇನ್ನು ಕೆದಕಲು ಹೋಗುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾರೆ. ಆಮೇಲೆ ಐದು ವರ್ಷ ಅನ್ಯಗ್ರಹದವರು, ಕಾಲದಲ್ಲಿ ಹಿಂದೆ ಹೋಗುವವರು, ಮಾತಾಡುವ ಗೊಂಬೆಗಳ ಕಥೆಗಳಲ್ಲಿ ಹೇಳಬೇಕಾದುದನ್ನೆಲ್ಲ ಹೇಳಿದರು ಎಂಬುದು ಈಗ ಎಲ್ಲರೂ ಹೊಗಳುವ ಮಾತು. ಬಿಡಿಕಥೆ ಬರೆಯುವವನು ಊರನ್ನು ಬಿಟ್ಟುಕೊಟ್ಟೇ ಬದುಕಬೇಕೇ? ಅದು ಕಸುಬಿನ ಜಾಣ್ಮೆಯೋ, ಸೋಲಿಗೆ ಇಟ್ಟ ಚಂದದ ಹೆಸರೋ? ಬಲ್ಲವರು ತಿಳಿಸಬೇಕು.

ಉತ್ತರ 1
ಬರೆದವರು: ಕುಂಬಳೆಯ ಮಾಷ್ಟ್ರು

ತಮ್ಮಾ, ನಾನು ನಿವೃತ್ತ ಕನ್ನಡ ಅಧ್ಯಾಪಕ, ಹವ್ಯಾಸಕ್ಕೆ ತಾಳಮದ್ದಲೆಯಲ್ಲಿ, ಅಂದರೆ ವೇಷ ಕುಣಿತವಿಲ್ಲದೆ ಕುಳಿತು ಆಡುವ ಯಕ್ಷಗಾನದಲ್ಲಿ, ಪದ್ಯಗಳಿಗೆ ಅಲ್ಲೇ ಮಾತು ಕಟ್ಟಿ ಅರ್ಥ ಹೇಳುವವನು. ಟೆಲಿವಿಷನ್ನಿನ ಒಳಗುಟ್ಟು ನನಗೆ ತಿಳಿಯದು. ಆದರೆ ನಿಮ್ಮ ಪ್ರಶ್ನೆ ಹೊಸದೇನೂ ಅಲ್ಲ ಎಂದು ಹೇಳಬಲ್ಲೆ.

ಒಂದು ಇರುಳಿಗೆ ಒಂದು ಪ್ರಸಂಗ, ಮರುದಿನ ಬೇರೆ ಬಯಲು, ಬೇರೆ ಪ್ರಸಂಗ. ನಿನ್ನೆ ಸತ್ತ ವಾಲಿ ಇಂದು ಇನ್ನೊಂದು ಪ್ರಸಂಗದಲ್ಲಿ ಅರ್ಜುನನಾಗಿ ನಿಲ್ಲುತ್ತಾನೆ. ಬಿಡಿಕಥೆಗಳ ಮಾಲಿಕೆ ಎಂದರೆ ನಮಗೆ ಇದೇ. ಪ್ರಾಯೋಜಕರ ಕಾಟವೂ ನಮಗೆ ಗೊತ್ತು. ಹರಕೆಯ ಆಟಕ್ಕೆ ಹಣ ಕೊಡುವ ಸೇವಾಕರ್ತರು ದೇವೀಮಹಾತ್ಮೆಯೇ ಆಗಬೇಕೆಂದರೆ ದೇವೀಮಹಾತ್ಮೆಯೇ ಆಗುತ್ತದೆ. ಹಾಗೆಂದು ಕಲಾವಿದನ ಬಾಯಿ ಕಟ್ಟಿತೇ? ಪದ್ಯ ಕವಿಯದು, ಅರ್ಥ ನನ್ನದು. ಸಂಧಾನದ ಕೃಷ್ಣನಾಗಿ ಕುಳಿತು ನೆಲ ಹಂಚುವ ಮಾತು ಬಂದಾಗ, 1956ರ ನವೆಂಬರ್ 1ರಂದು ಈ ತಾಲೂಕು ಕೇರಳಕ್ಕೆ ಹೋದದ್ದು ನೆನಪಿಗೆ ಬಾರದ ಶ್ರೋತೃ ನಮ್ಮಲ್ಲಿ ಒಬ್ಬನೂ ಇರಲಿಲ್ಲ. ಹೆಸರು ಹೇಳುವ ಅಗತ್ಯವೇ ಬೀಳಲಿಲ್ಲ. ಸರ್ಲಿಂಗ್ ಅವರ ಆ ಪೆಟ್ಟು ತಿಂದ ನಾಟಕವೂ ಅದೇ 1956ನೆಯ ಇಸವಿಯದು ಎಂದು ನಿಮ್ಮಿಂದ ತಿಳಿದು ವಿಚಿತ್ರವೆನಿಸಿತು.

ನಿಮ್ಮ ಪ್ರಶ್ನೆ ಓದಿದ ಮೇಲೆ ಮೊಮ್ಮಗನ ಹತ್ತಿರ ಹೇಳಿ ಆ ಮಾಲಿಕೆಯ ಎರಡು ಕಂತುಗಳನ್ನು ಹಾಕಿಸಿಕೊಂಡು ನೋಡಿದೆ. ನನಗೆ ಮೊದಲು ಹಿಡಿಸಿದ್ದು ಸರ್ಲಿಂಗ್ ಅವರ ಪೀಠಿಕೆ. ತಾಳಮದ್ದಲೆಯಲ್ಲಿ ಅರ್ಥಧಾರಿ ಮೊದಲ ಪದ್ಯಕ್ಕೆ ಪೀಠಿಕೆ ಹಾಕುವಾಗ, ತಾನು ಯಾರು, ಯಾವ ಸಂಕಟದಲ್ಲಿದ್ದೇನೆ, ಈ ಗಳಿಗೆಗೆ ಮುಂಚೆ ಏನಾಯಿತು ಎಂಬುದನ್ನು ಹೇಳಿ ಸಭೆಯನ್ನು ಹಿಡಿಯುತ್ತಾನೆ. ಅಲ್ಲಿ ಸೋತವನು ಇರುಳಿಡೀ ಸೋತ ಹಾಗೆಯೇ. ಈ ಮನುಷ್ಯ ಅದನ್ನು ಅರ್ಧ ನಿಮಿಷದಲ್ಲಿ ಮುಗಿಸುತ್ತಾರೆ. ನಮ್ಮಲ್ಲಿ ಕೆಲವರು ಒಂದೂವರೆ ಗಂಟೆ ಎಳೆಯುತ್ತಾರೆ. ಯಾರೆಂದು ಹೇಳುವುದಿಲ್ಲ, ಅವರಲ್ಲಿ ನಾನೂ ಒಬ್ಬ.

ಮೇಪಲ್ ಸ್ಟ್ರೀಟ್ ಎಂಬ ಬೀದಿಯ ಕಥೆಯೊಂದಿದೆ, 1960ರದು. ಅದರ ಮೊದಲ ದೃಶ್ಯವನ್ನು ಗಮನವಿಟ್ಟು ನೋಡಿ. ಸಂಜೆ, ಐಸ್‌ಕ್ರೀಮ್ ಮಾರುವವನ ಗಂಟೆ, ಆಟವಾಡುವ ಮಕ್ಕಳು, ಮನೆಯೆದುರು ಕುಳಿತ ಜನ. ಗಂಟೆ, ನಿಮಿಷ ಸಹ ಹೇಳುತ್ತಾರೆ. ಆಮೇಲೆ ಆಕಾಶದಲ್ಲಿ ಒಂದು ಮಿಂಚು, ವಿದ್ಯುತ್ತು ಹೋಗುತ್ತದೆ, ಫೋನು ಸಾಯುತ್ತದೆ, ವಾಹನಗಳು ಚಾಲೂ ಆಗುವುದಿಲ್ಲ. ಒಬ್ಬನ ಕಾರು ಮಾತ್ರ ತನ್ನಷ್ಟಕ್ಕೆ ಗುರುಗುಟ್ಟುತ್ತದೆ. ಅಷ್ಟು ಸಾಕಾಯಿತು, ನಿನ್ನೆಯವರೆಗೆ ನೆರೆಹೊರೆಯಾಗಿದ್ದವರು ಒಬ್ಬರನ್ನೊಬ್ಬರು ಅನುಮಾನಿಸಿ, ಪಕ್ಕದ ಬೀದಿಗೆ ಹೋಗಿ ವಿಚಾರಿಸಿಕೊಂಡು ಕತ್ತಲಲ್ಲಿ ಮರಳುತ್ತಿದ್ದ ತಮ್ಮವನನ್ನೇ ಗುಂಡಿಟ್ಟು ಕೊಲ್ಲುತ್ತಾರೆ. ಗುಡ್ಡದ ಮೇಲೆ ನಿಂತು ದೀಪ ಆರಿಸಿ ಹಚ್ಚುತ್ತಿದ್ದ ಅನ್ಯಗ್ರಹದವರು ಕೊನೆಯ ಒಂದೆರಡು ನಿಮಿಷ ಮಾತ್ರ ಕಾಣಿಸಿಕೊಳ್ಳುತ್ತಾರೆ.

ಹಾಗಾದರೆ ಆ ಕಥೆಯಲ್ಲಿ ಅದ್ಭುತವಾದುದು ಏನು? ನಡೆದ ಘಟನೆ. ಬೀದಿ ಅದ್ಭುತವಲ್ಲ, ಐಸ್‌ಕ್ರೀಮ್ ಗಂಟೆ ಅದ್ಭುತವಲ್ಲ. ಸರ್ಲಿಂಗ್ ಊರನ್ನು ಬಿಟ್ಟುಕೊಟ್ಟರೆಂದು ನೀವು ತಿಳಿದಿದ್ದೀರಿ. ಅವರು ಬಿಟ್ಟುಕೊಟ್ಟದ್ದು ಘಟನೆಯನ್ನು ಎಂದು ನನಗೆ ತೋರುತ್ತದೆ.

ಉತ್ತರ 2
ಬರೆದವರು: ಹೊಸಂಗಡಿ ಎಕ್ಸ್‌ಪ್ರೆಸ್

ಮಾಷ್ಟ್ರ ಕೊನೆಯ ಮಾತಿಗೆ ನನ್ನ ಒಪ್ಪಿಗೆ. ನಾನು ಮೂಲತಃ ಹೊಸಂಗಡಿಯವನು, ಬೆಂಗಳೂರಿನಲ್ಲಿ ಹನ್ನೊಂದು ವರ್ಷ ಎಪಿಸೋಡ್ ಡೈರೆಕ್ಟರ್ ಆಗಿ ದುಡಿದು ಈಗ ಬೇರೆ ಉದ್ಯೋಗದಲ್ಲಿದ್ದೇನೆ. ಅದಕ್ಕೊಂದು ಕಸುಬಿನ ಕಾರಣ ಸೇರಿಸುತ್ತೇನೆ.

ಧಾರಾವಾಹಿಗೆ ಊರು ಬೇಡ. ಮುನ್ನೂರು ಕಂತು ಕಳೆಯುವುದರೊಳಗೆ ಆ ಮನೆಯ ಹಜಾರ, ಆ ಮೆಟ್ಟಿಲು, ಆ ದೇವರ ಕೋಣೆಯೇ ಪ್ರೇಕ್ಷಕರಿಗೆ ಊರಾಗಿಬಿಡುತ್ತದೆ. ಅತ್ತೆ ಮೆಟ್ಟಿಲಿಳಿದರೆ ಸಾಕು, ಯಾಕೆ ಇಳಿದಳೆಂದು ಎಲ್ಲರಿಗೂ ಗೊತ್ತು. ಬಿಡಿಕಥೆಗೆ ಆ ಅನುಕೂಲವಿಲ್ಲ. ಜಾಹೀರಾತು ಕಳೆದರೆ ಕೈಯಲ್ಲಿ ಉಳಿಯುವುದು ಇಪ್ಪತ್ತೆರಡೋ ಇಪ್ಪತ್ತೈದೋ ನಿಮಿಷ. ಅಷ್ಟರೊಳಗೆ ಗುರುತಿಲ್ಲದ ವ್ಯಕ್ತಿಯೊಬ್ಬಳನ್ನು ಪರಿಚಯಿಸಿ, ಅವಳ ಬಗ್ಗೆ ಮರುಕ ಹುಟ್ಟಿಸಿ, ಕಥೆ ಮುಗಿಸಬೇಕಾದರೆ ಆ ಮುನ್ನೂರು ಕಂತುಗಳ ಕೆಲಸವನ್ನು ಯಾರು ಮಾಡಬೇಕು? ಊರೇ ಮಾಡಬೇಕು. ನಿಮ್ಮ ತಾಯಿ "ಎಂತ ಮಾಡುದು ಇನ್ನು" ಎಂದ ಕೂಡಲೇ ಅವಳ ವಯಸ್ಸು, ಮನೆ, ಅಂಗಳದಲ್ಲಿ ಒಣಗುವ ಅಡಿಕೆ ಎಲ್ಲವೂ ಬಂದುಬಿಡುತ್ತದೆ. ಅದನ್ನು ತೆಗೆದವರು ತಮಗೆ ಪುಕ್ಕಟೆಯಾಗಿ ಸಿಕ್ಕಿದ್ದ ಹತ್ತು ನಿಮಿಷವನ್ನು ಕಳೆದುಕೊಂಡರು. ವಾಹಿನಿಯವರೊಂದಿಗೆ ಮಾತಾಡುವಾಗ ಗಡಿ, ಭಾಷೆ, ಅಭಿಮಾನ ಎಂದೆಲ್ಲ ಹೋಗಬೇಡಿ. ನಿಮಿಷಗಳ ಲೆಕ್ಕ ಕೊಡಿ. ಅದು ಅವರಿಗೆ ಅರ್ಥವಾಗುತ್ತದೆ.

ಊರಿನ ಹೆಸರೇ ಬೇಕೆಂದಿಲ್ಲ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 1986ರ ಸುಮಾರಿಗೆ ಶಂಕರ್ ನಾಗ್ ದೂರದರ್ಶನಕ್ಕೆ 'ಮಾಲ್ಗುಡಿ ಡೇಸ್' ಮಾಡಿದರು. ಮಾಲ್ಗುಡಿ ನಕಾಶೆಯಲ್ಲಿಲ್ಲದ ಊರು, ಆಡಿದ್ದು ಹಿಂದಿ. ಆದರೆ ಆಗುಂಬೆಯ ಬೀದಿ, ಹಂಚಿನ ಮಾಡು, ಜಗಲಿಗಳು ಪ್ರತಿ ಕಂತಿನಲ್ಲೂ ಇದ್ದವು. ಕಥೆ ಬದಲಾದರೂ ಊರು ಬದಲಾಗದ ಕಾರಣ, ಎರಡನೆಯ ವಾರದಿಂದಲೇ ನಮಗೆ ಅದು ಪರಿಚಯದ ಊರಾಯಿತು. ಕಾಸರಗೋಡು ಮಂಗಳೂರು ನಡುವೆ ಎರಡೂ ರಾಜ್ಯಗಳ ಬಸ್ಸುಗಳು ಓಡುತ್ತವೆ; ಅಂಥ ಒಂದು ಬಸ್ಸಿನಿಂದ ಪ್ರತಿ ಕಂತಿಗೆ ಒಬ್ಬರು ಇಳಿದರೆ ಸಾಕು, ಮಾಲಿಕೆಗೆ ದಾರ ಸಿಕ್ಕಿತು. ಈ ಉಪಾಯ ನನ್ನ ಹಳೆಯ ಕಡತದಲ್ಲಿ ಧೂಳು ತಿನ್ನುತ್ತಿದೆ, ಬೇಕಾದರೆ ತೆಗೆದುಕೊಳ್ಳಿ.

ಇನ್ನು ಬರಹಗಾರ ಗಳಿಸುವ ಹೆಸರಿನ ವಿಚಾರ. ನೀವು ಕೇಳಲಿಲ್ಲ, ಆದರೆ ಸರ್ಲಿಂಗ್ ಪ್ರಸ್ತಾಪ ಬಂದ ಮೇಲೆ ಅದನ್ನು ಬಿಡಲಾಗದು. 1955ರ ಜನವರಿಯಲ್ಲಿ ಆತನ 'ಪ್ಯಾಟರ್ನ್ಸ್' ಎಂಬ ನಾಟಕ ನೇರಪ್ರಸಾರವಾಯಿತು. ಒಂದು ಕಂಪೆನಿಯಲ್ಲಿ ವಯಸ್ಸಾದ ಅಧಿಕಾರಿಯನ್ನು ಅವಮಾನಿಸಿ ಹೊರದಬ್ಬಲು ಹೊಸಬನನ್ನು ತಂದು ಕೂರಿಸುವ ಕಥೆ. ಜನ ಎಷ್ಟು ಮೆಚ್ಚಿದರೆಂದರೆ ಒಂದು ತಿಂಗಳೊಳಗೆ ಅದೇ ನಟರನ್ನು ಸೇರಿಸಿ ಮತ್ತೊಮ್ಮೆ ನೇರವಾಗಿ ಆಡಿಸಬೇಕಾಯಿತು. ಅದುವರೆಗೆ ಹೆಚ್ಚು ಹೆಸರಿಲ್ಲದಿದ್ದವನ ಮನೆಯ ಫೋನು ಬಿಡುವಿಲ್ಲದೆ ಬಡಿದುಕೊಳ್ಳತೊಡಗಿತು. ಆಗ ಆತ ಮಾಡಿದ್ದೇನು? ಪೆಟ್ಟಿಗೆಯ ತಳದಲ್ಲಿದ್ದ ಹಳೆಯ ಬರಹಗಳನ್ನು ಒಂದೊಂದಾಗಿ ಮಾರಿದ. ಬಂದ ವಿಮರ್ಶೆಗಳೆಲ್ಲ ಅವನ್ನು 'ಪ್ಯಾಟರ್ನ್ಸ್' ಜತೆ ಹೋಲಿಸಿ ಮೂಗು ಮುರಿದವು. ಅದನ್ನು ಮುಂದೆ ಆತನೇ ಒಪ್ಪಿಕೊಂಡ. ಈ ಭಾಗ ಓದಿದಾಗ ನನಗೆ ನಗು ಬರಲಿಲ್ಲ, ಏಕೆಂದರೆ ಒಂದು ಧಾರಾವಾಹಿ ಗೆದ್ದ ವರ್ಷ ನಾನೂ ಹಾಗೆಯೇ ಮಾಡಿದ್ದೆ.

'ಟ್ವಿಲೈಟ್ ಝೋನ್'ನ 156 ಕಂತುಗಳಲ್ಲಿ 92ನ್ನು ಒಬ್ಬನೇ ಬರೆದ. ಬರೆದ ಎನ್ನುವುದಕ್ಕಿಂತ ಧ್ವನಿಮುದ್ರಣ ಯಂತ್ರಕ್ಕೆ ಹೇಳಿ ಬರೆಸಿದ. ಮಾಲಿಕೆಯ ಎರಡನೆಯ ವರ್ಷದಿಂದ ಆರಂಭದ ಮಾತಿಗೆ ತಾನೇ ಸೂಟು ತೊಟ್ಟು ಕ್ಯಾಮೆರಾದ ಎದುರು ನಿಂತ. ಬರಹಗಾರನ ಮುಖ ಬೀದಿಯಲ್ಲಿ ಜನ ಗುರುತಿಸುವ ಮುಖವಾಯಿತು. ಆದರೆ ಆ ಮುಖವೇ ಕೊನೆಗೆ ಆತನ ಬಂಡವಾಳವಾಯಿತು, ಬರವಣಿಗೆಯಲ್ಲ. ಮಾಲಿಕೆಯಲ್ಲಿ ತನ್ನ ಪಾಲಿನ ಹಕ್ಕನ್ನು ವಾಹಿನಿಗೇ ಮಾರಿಬಿಟ್ಟ; ಮರುಪ್ರಸಾರದಲ್ಲಿ ಹಣದ ಹೊಳೆ ಹರಿದದ್ದು ಆಮೇಲೆ. ಎಪ್ಪತ್ತರ ದಶಕದ 'ನೈಟ್ ಗ್ಯಾಲರಿ' ಎಂಬ ಇನ್ನೊಂದು ಮಾಲಿಕೆಯಲ್ಲಿ ನಿರೂಪಕನಾಗಿ ಆತ ಬೇಕಾಗಿದ್ದ, ಕಥೆಗಳ ಆಯ್ಕೆಯಲ್ಲಿ ಮಾತ್ರ ಆತನ ಮಾತು ನಡೆಯಲಿಲ್ಲ. 1975ರಲ್ಲಿ, ಐವತ್ತನೆಯ ವಯಸ್ಸಿಗೇ ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ ತೀರಿಕೊಂಡ. ನಿಮ್ಮ ಒಪ್ಪಂದಪತ್ರದಲ್ಲಿ ಹಕ್ಕಿನ ಕಲಮು ಎಲ್ಲಿದೆ ಎಂದು ಇಂದೇ ನೋಡಿಕೊಳ್ಳಿ.

ಉತ್ತರ 3
ಬರೆದವರು: ಉಪ್ಪಳದ ಓದುಗಿ

ಮಾಷ್ಟ್ರಿಗೆ ನಮಸ್ಕಾರಗಳು. ತಮ್ಮ ಮಾತನ್ನು ಪೂರ್ತಿ ಒಪ್ಪಲು ನನಗೆ ಸಾಧ್ಯವಾಗುತ್ತಿಲ್ಲ, ದಯವಿಟ್ಟು ಅನ್ಯಥಾ ಭಾವಿಸಬೇಡಿ.

ತಾಳಮದ್ದಲೆಯ ಕೃಷ್ಣ ನೆಲದ ಮಾತೆತ್ತಿದಾಗ ಕುಂಬಳೆಯ ಶ್ರೋತೃಗಳಿಗೆ ತಿಳಿಯುತ್ತದೆ, ನಿಜ. ಅವರಿಗೆ ಮೊದಲೇ ಗೊತ್ತಿದೆಯಲ್ಲ, ಆದ್ದರಿಂದ. ಗೊತ್ತಿಲ್ಲದವರಿಗೆ ವೇಷ ಕೇವಲ ವೇಷವಾಗಿ ಕಾಣುತ್ತದೆ. ಎಮ್ಮೆಟ್ ಟಿಲ್‌ನ ತಾಯಿ ಶಿಕಾಗೊದಲ್ಲಿ ಮಗನ ಶವಪೆಟ್ಟಿಗೆಯನ್ನು ಮುಚ್ಚಲು ಬಿಡಲಿಲ್ಲ; ತನ್ನ ಮಗನಿಗೆ ಏನು ಮಾಡಿದ್ದಾರೆಂದು ಜಗತ್ತು ನೋಡಲಿ ಎಂದು ತೆರೆದೇ ಇಡಿಸಿದಳು. ಆ ಚಿತ್ರಗಳನ್ನು ಕರಿಯರ ಪತ್ರಿಕೆಯೊಂದು ಅಚ್ಚು ಹಾಕಿತು. ತಾಯಿ ತೆರೆದಿಟ್ಟದ್ದನ್ನು ಟೆಲಿವಿಷನ್ ಮುಚ್ಚಿತು. ಸರ್ಲಿಂಗ್ 1958ರಲ್ಲಿ 'ಎ ಟೌನ್ ಹ್ಯಾಸ್ ಟರ್ನ್ಡ್ ಟು ಡಸ್ಟ್' ಎಂಬ ನಾಟಕದಲ್ಲಿ ಮತ್ತೊಮ್ಮೆ ಪ್ರಯತ್ನಿಸಿದರು. ಆ ಸಲ ಕಥೆ ಹಿಂದಿನ ಶತಮಾನಕ್ಕೆ ಹೋಯಿತು, ಹುಡುಗ ಮೆಕ್ಸಿಕನ್ ಆದ. ಮೇಪಲ್ ಸ್ಟ್ರೀಟಿನ ಕಥೆ ದೊಡ್ಡದೇ. ಆದರೆ ಅದನ್ನು ನೋಡಿದ ಬಿಳಿಯ ಗೃಹಸ್ಥನು ಕೆಟ್ಟವರು ಬೇರೆ ಯಾರೋ ಎಂದುಕೊಂಡು ನೆಮ್ಮದಿಯಿಂದ ಮಲಗಬಹುದಿತ್ತು. ಮಿಸಿಸಿಪ್ಪಿ ಎಂದು ಹೆಸರಿಸಿದ್ದರೆ ಅದು ಅಷ್ಟು ಸುಲಭವಾಗುತ್ತಿರಲಿಲ್ಲ.

ಎಕ್ಸ್‌ಪ್ರೆಸ್ ಅವರ ನಿಮಿಷಗಳ ಲೆಕ್ಕ ಚೆನ್ನಾಗಿದೆ, ಪ್ರಯೋಜನಕ್ಕೂ ಬಂದೀತು. ಆದರೂ ಹೊಳೆಬದಿಯವರೇ, ಆ ಮಣ್ಣನ್ನು ಸುರಿದದ್ದು ಮನುಷ್ಯರು. ಆ ದಿನಗಳಲ್ಲಿ ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್‌ಗಳನ್ನು ಹಿಂದಕ್ಕೆ ಕಳುಹಿಸಿದ್ದು ಹೊಳೆಯಲ್ಲ. ನನ್ನ ಮಾವನವರ ಡಯಾಲಿಸಿಸ್ ಮಂಗಳೂರಿನಲ್ಲಿ ನಡೆಯುತ್ತಿತ್ತು. ಆ ವಾರಗಳನ್ನು ನಾವು ಹೇಗೆ ಕಳೆದೆವೆಂದು ಇಲ್ಲಿ ವಿವರಿಸುವುದಿಲ್ಲ. ನಿಮ್ಮ ಕಥೆ ಹೊಳೆಯ ಕಥೆಯಾಗಿ ಪ್ರಸಾರವಾದರೆ ನಾನು ನೋಡುವುದಿಲ್ಲ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಬರೆದವರು: ಹೊಳೆಬದಿ (ಬದಿಯಡ್ಕ)

ಮೂವರಿಗೂ ಕೃತಜ್ಞತೆಗಳು. ಅಕ್ಕಾ, ನಿಮ್ಮ ಉತ್ತರ ಓದಿದ ಮೇಲೆ ಎರಡು ದಿನ ಏನೂ ಬರೆಯಲಾಗಲಿಲ್ಲ.

ಒಪ್ಪಂದಪತ್ರ ತೆಗೆದು ನೋಡಿದೆ. ಪೂರ್ತಿ ಹಣ ಕೈಸೇರುವವರೆಗೆ ಹಕ್ಕು ನನ್ನಲ್ಲೇ ಇದೆ, ಬಂದಿರುವುದು ಮುಂಗಡ ಮಾತ್ರ. ಅದನ್ನು ಹಿಂದಿರುಗಿಸಿ ಕಥೆಯನ್ನು ವಾಪಸು ಪಡೆದಿದ್ದೇನೆ. ಜಗಳವಾಗಲಿಲ್ಲ, ಅವರಿಗೆ ಹೊಳೆ ಇದೆ, ಡ್ರೋನ್ ಇದೆ, ಇನ್ನೊಬ್ಬರಿಂದ ಬರೆಸಿಕೊಂಡಾರು.

ಮಾಷ್ಟ್ರ ಮಾತನ್ನು ಹಿಡಿದು ಒಂದು ಬದಲಾವಣೆ ಯೋಚಿಸಿದ್ದೆ. ಊರು ಹಾಗೆಯೇ ಇರಲಿ, ಮಣ್ಣಿನ ರಾಶಿ ಮಾತ್ರ ಪ್ರತಿ ರಾತ್ರಿ ತನ್ನಷ್ಟಕ್ಕೆ ಒಂದು ಗೇಣು ಬೆಳೆಯುತ್ತದೆ ಎಂದು ಮಾಡಿ ಐದು ಪುಟ ಬರೆದೆ. ಓದಲು ಸೊಗಸಾಗಿಯೇ ಇತ್ತು. ಆಮೇಲೆ ಅಕ್ಕನ ಉತ್ತರವನ್ನು ಮತ್ತೊಮ್ಮೆ ಓದಿ, ತನ್ನಷ್ಟಕ್ಕೆ ಬೆಳೆಯುವ ಮಣ್ಣಿಗೂ ನೆರೆಯ ಹೊಳೆಗೂ ಏನು ವ್ಯತ್ಯಾಸವೆಂದು ತಿಳಿಯದೆ ಆ ಪುಟಗಳನ್ನು ಬದಿಗಿಟ್ಟೆ. ಈಗ ಮೊದಲಿನ ಕಥೆಯೇ ಇದೆ. ಇಲ್ಲಿಯ ಗೆಳೆಯರು ಸೇರಿ ಎರಡು ದಿನಗಳಲ್ಲಿ ಚಿತ್ರೀಕರಿಸಿ ಯೂಟ್ಯೂಬಿಗೆ ಹಾಕುವ ಯೋಚನೆ ಇದೆ. ಬಸ್ಸಿನ ಉಪಾಯವನ್ನು ಎರಡನೆಯ ಕಥೆಗೆ ಇಟ್ಟುಕೊಂಡಿದ್ದೇನೆ.

ಒಂದು ಸಂದೇಹ ಉಳಿದಿದೆ. ಕಾವಲಿನ ಪೊಲೀಸ್ ನನ್ನ ಬರಹದಲ್ಲಿ ಒಂದು ಮಾತೂ ಆಡುವುದಿಲ್ಲ. ಅವನು ಮೌನವಾಗಿದ್ದರೆ ಸಾಕೇ?

ಉತ್ತರ 4
ಬರೆದವರು: ಉಪ್ಪಳದ ಓದುಗಿ

ಅವನಿಂದ ಒಂದು ಮಾತು ಆಡಿಸಿ ತಮ್ಮಾ. ನಾವು ಕಂಡ ಕಾವಲಿನವರಲ್ಲಿ ಹೆಚ್ಚಿನವರು ಬಾಗಲಕೋಟೆ, ವಿಜಯಪುರದ ಕಡೆಯ ಎಳೆಯ ಹುಡುಗರು. ನಮ್ಮ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ, ಅವರದು ನಮಗೆ. ಬಿಸಿಲಿಗೆ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದ ಒಬ್ಬ ನನ್ನ ಅತ್ತೆಯವರಿಗೆ "ಯವ್ವಾ, ಹಿಂದ ಸರೀರಿ" ಎಂದಿದ್ದ. ಅತ್ತೆ ನನ್ನ ಕಡೆ ತಿರುಗಿ, ಇವ ಯಾವ ಭಾಷೆ ಮಾತಾಡುದು ಎಂದು ಕೇಳಿದರು.